ಕೆಸರಿನೊಳಗಣ ಇಂಗಾಲದ ಮೂಲಶೋಧ



ಶ್ರಾವಣದಲ್ಲಿ ಸಹ್ಯಾದ್ರಿಯ ಮಳೆ ಬಲಿತು, ಕಲ್ಲೋಳ-ಯಡೂರಿನ ಬಾಂದಾರ ನೀರಿನಲ್ಲಿ ಮರೆಯಾಗಿ, ವೇದಗಂಗೆಯು ನಿಪ್ಪಾಣಿಯ ಮಗ್ಗುಲ ಹೊಲಗಳನ್ನೂ ದೂಧಗಂಗೆಯು ಸದಲಗೆಯ ಸೀಮೆಯ ಹೊಲಗಳನ್ನೂ ಹೊಕ್ಕು ಹೊರಟು, ಕಡೆಗೆ ಯಾವತ್ತೂ ಕೃಷ್ಣೆಯಲ್ಲಿ ಕೂಡಿ, ಉಗಾರ-ಕುಡಚಿಗಳ ನಡುವಣ ಸೇತುವೆಯ ಕೆಳಗೆ ಮಬ್ಬುಗಟ್ಟಿದ ಮಹಾಪ್ರವಾಹವಾಗಿ ಪೂರ್ವಾಭಿಮುಖವಾದಾಗ, ದಂಡೆಯ ಮೇಲೆ ನಿಂತವರು ಅಳೆಯುವುದು ನೀರಿನ ಎತ್ತರವನ್ನು. ಎಷ್ಟು ಅಡಿ ಏರಿತು, ಎಷ್ಟು ಇಳಿಯಿತು, ರಾಜಾಪುರದ ಬಾಂದಾರದಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದೇ ಆ ದಿನಗಳ ಮಾತು; ಮನೆ ಹೊಲಗಳು ಪಣಕ್ಕೊಡ್ಡಲ್ಪಟ್ಟಿರುವಾಗ ಅದು ಸಹಜವೂ ಹೌದು. ಆದರೆ ಆ ನೀರಿನೊಡನೆ ಹೋಗುತ್ತಿರುವ ಕೆಸರಿನಲ್ಲಿ ಶಿಲಾಚೂರ್ಣವಲ್ಲದ ಮತ್ತೊಂದು ವಸ್ತುವಿದೆ. ಅದರ ಪ್ರಮಾಣ ಅಲ್ಪ, ಅದರ ಮಹತ್ವ ಅಲ್ಪವಲ್ಲ. ಅದಕ್ಕೆ ಸಾವಯವ ಇಂಗಾಲವೆಂದು ಹೆಸರು. ಇಂಥದೇ ಇಂಗಾಲವು ಭೂಮಿಯ ಉತ್ತರ ದಕ್ಷಿಣ ತುದಿಗಳಲ್ಲಿ, ಹಿಮಾವೃತವಾದ ಆಳವಿಲ್ಲದ ಸಮುದ್ರಗಳ ತಳದಲ್ಲಿಯೂ ಸಂಚಿತವಾಗುತ್ತಿದ್ದು, ಅದು ಎಲ್ಲಿಂದ ಬಂತೆಂಬುದನ್ನು ನಿಶ್ಚಯಿಸುವ ವಿದ್ಯೆಯೊಂದು ಕಳೆದ ಕೆಲವು ದಶಕಗಳಲ್ಲಿ ಬೆಳೆದುಬಂದಿದೆ. ಆ ವಿದ್ಯೆಯ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ. ಋಷಿಮೂಲ ನದಿಮೂಲಗಳನ್ನು ಹುಡುಕಬಾರದೆಂದು ನಮ್ಮ ಹಿರಿಯರು ಹೇಳಿದುದುಂಟು. ಕೆಸರಿನ ಮೂಲವನ್ನು ಮಾತ್ರ ಹುಡುಕಲೇಬೇಕಾದ ಕಾಲ ಇದು.

ಸಾವಯವ ಇಂಗಾಲವೆಂಬ ಹೆಸರು ನಮ್ಮ ರೈತರಿಗೆ ಅಪರಿಚಿತವಲ್ಲ. 2015ರಿಂದ ಕೊಡಲಾಗುತ್ತಿರುವ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಸಂಗಡ ಅದೂ ಒಂದು ಸಾಲಾಗಿ ನಮೂದಾಗಿರುತ್ತದೆ. ನೂರು ತೂಕ ಮಣ್ಣಿನಲ್ಲಿ ಅರ್ಧ ತೂಕಕ್ಕಿಂತ ಕಡಿಮೆಯಿದ್ದರೆ ಕನಿಷ್ಠ, ಮುಕ್ಕಾಲು ತೂಕವನ್ನು ಮೀರಿದರೆ ಉತ್ತಮ ಎಂದು ಅದರ ಗಣನೆ. ಕೊಳೆತ ಬೇರು, ಹೊಲದಲ್ಲಿಯೇ ಮಣ್ಣಾದ ಕಬ್ಬಿನ ರವದಿ, ಕಣಿಕಿಯ ಚೂರು, ತಿಪ್ಪೆಯ ಗೊಬ್ಬರ, ಮಣ್ಣಿನಲ್ಲಿ ಹುಟ್ಟಿ ಮಣ್ಣಿನಲ್ಲಿ ಅಳಿದ ಕೋಟ್ಯವಧಿ ಸೂಕ್ಷ್ಮಜೀವಿಗಳ ಅವಶೇಷ, ಇವೆಲ್ಲ ಸೇರಿ ಆ ಸಂಖ್ಯೆಯಾಗುತ್ತದೆ. ಅಥಣಿ ರಾಯಬಾಗಗಳ ಎರಿಮಣ್ಣಿನಲ್ಲಿ ಸುಣ್ಣದ ಹರಳುಗಳ ರೂಪದಲ್ಲಿಯೂ ಇಂಗಾಲವುಂಟು. ಅದು ಜೀವಜನ್ಯವಾದ ಈ ಇಂಗಾಲದ ಲೆಕ್ಕಕ್ಕೆ ಸೇರದು. ಆದುದರಿಂದ ಮೂಲಶೋಧದ ಕೆಲಸದಲ್ಲಿ, ಧ್ರುವಸಮುದ್ರದ ಕೆಸರಾಗಲಿ ನಮ್ಮ ಹೊಲದ ಮಣ್ಣಾಗಲಿ, ಪರೀಕ್ಷಕರು ಮೊದಲು ಅದಕ್ಕೆ ಆಮ್ಲವನ್ನು ಎರೆದು, ಸುಣ್ಣವು ನೊರೆಯುಕ್ಕಿ ಹೋದ ಮೇಲೆ ಉಳಿದುದನ್ನು ಒಣಗಿಸಿ ಸುಟ್ಟು, ಹೊರಟ ಅನಿಲವನ್ನು ಅಳೆಯುತ್ತಾರೆ.

ಹೀಗೆ ಅಳೆದು ಎಷ್ಟಿದೆಯೆಂದು ತಿಳಿದ ಮಾತ್ರಕ್ಕೆ ಕೆಲಸ ಮುಗಿಯದು. ಅದು ಯಾರದು ಎಂಬುದೇ ಮುಖ್ಯವಾದ ಪ್ರಶ್ನೆ. ಕಾರಣವಿಷ್ಟೆ. ಈ ವರ್ಷ ಸಮುದ್ರದ ಮೇಲ್ಪದರದಲ್ಲಿ ಹುಟ್ಟಿದ ಸಸ್ಯಪ್ಲವಕವೆಂಬ ತೇಲುವ ಸೂಕ್ಷ್ಮಸಸ್ಯವು ಗಾಳಿಯ ಇಂಗಾಲಾಮ್ಲವನ್ನು ಹೀರಿ ಬೆಳೆದು, ಸತ್ತು, ತಳಕ್ಕಿಳಿದು, ಕೊಳೆಯದೆ ಹೂತುಹೋದರೆ ವಾಯುಮಂಡಲದ ಭಾರ ನಿಜವಾಗಿ ಅಷ್ಟು ಇಳಿಯಿತು. ಕೋಟ್ಯಂತರ ವರ್ಷಗಳ ಹಿಂದಿನ ಕಲ್ಲಿದ್ದಲಿನ ಪುಡಿಯನ್ನು ಹಿಮನದಿಯೊಂದು ಅರೆದು ತಂದು ಸಮುದ್ರದ ತಳದಲ್ಲಿ ಮತ್ತೆ ಹೂತರೆ ಅದರಿಂದ ಗಾಳಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಗೋರಿಯಿಂದ ಇನ್ನೊಂದು ಗೋರಿಗೆ ಸ್ಥಳಾಂತರವಾಯಿತು, ಅಷ್ಟೇ. ಸಾವಿರಾರು ವರ್ಷ ಹೆಪ್ಪುಗಟ್ಟಿ ನಿದ್ರಿಸುತ್ತಿದ್ದ ನೆಲದ ಇಂಗಾಲವು ಕರಗಿ ಕುಸಿದು ಸಮುದ್ರಕ್ಕೆ ಹೊರಟು, ದಾರಿಯಲ್ಲಿ ಅರ್ಧ ಕೊಳೆತು ಅನಿಲವಾಗಿ, ಉಳಿದರ್ಧ ತಳವನ್ನು ಸೇರಿದರೆ, ಆ ಉಳಿದರ್ಧವನ್ನು ನೋಡಿ ಹಿಗ್ಗುವುದು ಅವಿವೇಕ. ಅದು ನಷ್ಟವೊಂದರ ಗುರುತು. ಮೂರು ಸಂದರ್ಭಗಳಲ್ಲಿಯೂ ಕೆಸರಿನ ಇಂಗಾಲವು ತೂಕದಲ್ಲಿ ಸಮನಾಗಿರಬಹುದು. ಅರ್ಥ ಮಾತ್ರ ಪರಸ್ಪರ ವಿರುದ್ಧ. ಮೂಲವನ್ನು ತಿಳಿಯದೆ ತೂಕವನ್ನು ಹೇಳುವುದು ಈ ವಿಷಯದಲ್ಲಿ ಏನನ್ನೂ ಹೇಳಿದಂತಲ್ಲವೆಂದು ನನ್ನ ದೃಢವಾದ ನಂಬಿಕೆ.

ಭೂಖಂಡವು ಸಮುದ್ರದೊಳಗೆ ಮೆಲ್ಲನೆ ಇಳಿಯುವ ಆಳವಿಲ್ಲದ ಅಂಚಿಗೆ ಖಂಡಾವರಣ ಪ್ರದೇಶವೆಂದು ಭೂಗೋಳದ ಪಾಠದಲ್ಲಿ ಓದಿದ್ದೇವೆ. ಅನ್ಯ ಮಹಾಸಾಗರಗಳಲ್ಲಿ ಅದು ಕಿರಿದಾದ ಪಟ್ಟಿ; ಆರ್ಕ್ಟಿಕ್ ಮಹಾಸಾಗರದಲ್ಲಿ ಒಟ್ಟು ವಿಸ್ತೀರ್ಣದ ಅರ್ಧಕ್ಕೆ ಸಮೀಪ. ಲೋಕದ ಸಮುದ್ರಜಲದಲ್ಲಿ ಶೇಕಡಾ ಒಂದರಷ್ಟನ್ನು ಮಾತ್ರ ಧರಿಸಿರುವ ಈ ಚಿಕ್ಕ ಸಾಗರಕ್ಕೆ ಲೋಕದ ನದಿನೀರಿನ ಸುಮಾರು ಹತ್ತನೆಯ ಒಂದು ಪಾಲು ಬಂದು ಬೀಳುತ್ತದೆ. ಓಬ್, ಯೆನಿಸೇ, ಲೇನಾ, ಕೊಲಿಮಾ, ಅಮೆರಿಕದ ಕಡೆಯಿಂದ ಮೆಕೆಂಜಿ, ಇವು ಅಲ್ಲಿಯ ಮಹಾನದಿಗಳು. ಕೃಷ್ಣೆಯ ಜಲಾನಯನವು 2,58,948 ಚದರ ಕಿಲೋಮೀಟರು. ಲೇನಾ ಒಂದರದೇ ಅದರ ಹತ್ತರಷ್ಟು. ಇವುಗಳ ಜಲಾನಯನಗಳಲ್ಲಿ ವರ್ಷವಿಡೀ ಹೆಪ್ಪುಗಟ್ಟಿರುವ ನೆಲವು ವಿಸ್ತಾರವಾಗಿದ್ದು, ಉತ್ತರಗೋಲದ ಅಂಥ ನೆಲದಲ್ಲಿ ಅಡಗಿರುವ ಇಂಗಾಲವು ಈಗ ವಾಯುಮಂಡಲದಲ್ಲಿರುವುದರ ಇಮ್ಮಡಿಗೆ ಹತ್ತಿರವೆಂದು ತಜ್ಞರ ಅಂದಾಜು. ದಕ್ಷಿಣ ಧ್ರುವದ ಸ್ಥಿತಿ ಬೇರೆ. ಅಂಟಾರ್ಕ್ಟಿಕಾ ಖಂಡಕ್ಕೆ ಮಹಾನದಿಗಳಿಲ್ಲ, ಕಾಡುಗಳಿಲ್ಲ, ಮಣ್ಣೆಂಬುದೇ ಅಪೂರ್ವ; ಮಂಜಿನ ಭಾರಕ್ಕೆ ಕುಗ್ಗಿದ ಅದರ ಖಂಡಾವರಣವು ಅನ್ಯತ್ರ ಇರುವುದಕ್ಕಿಂತ ಆಳವಾದದ್ದು. ಅಲ್ಲಿಯ ಕೆಸರಿನಲ್ಲಿರುವ ಇಂಗಾಲ ಬಹುಪಾಲು ಡಯಾಟಮ್ ಎಂಬ ಗಾಜಿನ ಚಿಪ್ಪಿನ ಸೂಕ್ಷ್ಮಸಸ್ಯಗಳದು, ಸ್ವಲ್ಪ ಭಾಗ ಹಿಮನದಿಗಳು ಅರೆದ ಪ್ರಾಚೀನ ಶಿಲೆಗಳದು. ಈ ಸ್ವಲ್ಪ ಭಾಗವೇ ಎಷ್ಟು ತೊಡಕನ್ನುಂಟುಮಾಡುವುದೆಂದರೆ, ರಾಸ್ ಸಮುದ್ರದ ತಳದಲ್ಲಿ ನಿನ್ನೆ ಮೊನ್ನೆ ಕುಳಿತ ಮೇಲ್ಪದರದ ವಯಸ್ಸನ್ನು ಅಳೆದರೆ ಸಾವಿರಾರು ವರ್ಷವೆಂಬ ಉತ್ತರ ಬರುತ್ತದೆ.

ಈ ಸಂಶೋಧನೆಯಲ್ಲಿ ಭಾರತದ ಪಾಲೂ ಇದೆ, ಮತ್ತು ಅದರ ನೆಲೆ ನಮಗೆ ದೂರದ್ದಲ್ಲ. ನಿಪ್ಪಾಣಿಯಿಂದ ಆಜರೆಯ ಮಾರ್ಗವಾಗಿ, ಹಿರಣ್ಯಕೇಶಿ ಹುಟ್ಟುವ ಅಂಬೋಲಿಯ ಘಟ್ಟವನ್ನಿಳಿದು ಗೋವೆಗೆ ಹೋದರೆ, ವಾಸ್ಕೋದಲ್ಲಿ ರಾಷ್ಟ್ರೀಯ ಧ್ರುವ ಹಾಗೂ ಸಾಗರ ಸಂಶೋಧನಾ ಕೇಂದ್ರವಿದೆ. 1998ರಲ್ಲಿ ಅದರ ಸ್ಥಾಪನೆ. ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ಎಂಬ ಠಾಣೆಗಳನ್ನೂ, ಉತ್ತರದಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸ್ತೋಮದ ನೀ-ಓಲೆಸುಂಡ್ ಎಂಬ ಗ್ರಾಮದಲ್ಲಿ 2008ರ ಜುಲೈ 1ರಂದು ಪ್ರಾರಂಭವಾದ ಹಿಮಾದ್ರಿ ಠಾಣೆಯನ್ನೂ ನಡೆಸುವವರು ಇವರೇ. ಎಪ್ಪತ್ತೊಂಬತ್ತನೆಯ ಅಕ್ಷಾಂಶಕ್ಕೆ ಹತ್ತಿರವಿರುವ ಆ ಗ್ರಾಮದ ಎದುರಿಗೆ ಕಾಂಗ್ಸ್‌ಫಿಯೋರ್ಡ್ ಎಂಬ ಉದ್ದವಾದ ಸಮುದ್ರದ ತೋಳು ಪರ್ವತಗಳ ನಡುವೆ ಒಳನುಗ್ಗಿದ್ದು, ಅದರ ತಲೆಗೆ ಹಿಮನದಿಗಳು ಬಂದು ಕೂಡುತ್ತವೆ. 2014ರಲ್ಲಿ ಭಾರತದವರು ಇಂಡಾರ್ಕ್ ಎಂಬ ವೀಕ್ಷಣಾಯಂತ್ರಗಳ ಸರಣಿಯನ್ನು 192 ಮೀಟರು ಆಳದಲ್ಲಿ ತಂಗಿಸಿದ್ದು ಇಲ್ಲಿಯೇ. ಬೇಸಿಗೆಯಲ್ಲಿ ಹಿಮ ಕರಗಿದಾಗ ಫಿಯೋರ್ಡಿನ ಒಳತುದಿಯ ನೀರು ಕೆಂಪಾಗುವುದು, ನಮ್ಮ ಆಷಾಢದ ಹೊಳೆಯನ್ನು ಕಂಡವರಿಗೆ ಹೊಸ ನೋಟವೇನಲ್ಲ.

ಈ ಕೆಸರಿನೊಳಗಣ ಇಂಗಾಲವನ್ನು ವಿಚಾರಿಸುವ ಮೊದಲನೆಯ ಉಪಾಯದ ಕಥೆಗೂ ನಮ್ಮ ತಾಲೂಕುಗಳ ಕಬ್ಬಿಗೂ ನೇರವಾದ ಸಂಬಂಧವಿದೆಯೆಂಬುದು ಬಹಳ ಜನಕ್ಕೆ ತಿಳಿಯದು. ಇಂಗಾಲದ ಪರಮಾಣುಗಳಲ್ಲಿ ಸಾವಿರಕ್ಕೆ ಸುಮಾರು ಹನ್ನೊಂದು ಮಾತ್ರ ಒಂದು ಪಾಲು ಹೆಚ್ಚು ತೂಕದವು. ಹದಿಮೂರನೆಯ ಇಂಗಾಲವೆಂದು ಅವುಗಳ ಹೆಸರು. ಗಿಡಗಳು ಗಾಳಿಯಿಂದ ಆಹಾರವನ್ನು ರಚಿಸಿಕೊಳ್ಳುವಾಗ ಹಗುರ ಪರಮಾಣುಗಳನ್ನು ಹೆಚ್ಚಾಗಿ ಆಯ್ದುಕೊಳ್ಳುತ್ತವೆ. ಈ ಆಯ್ಕೆಯ ಪ್ರಮಾಣ ಎಲ್ಲ ಗಿಡಗಳಲ್ಲಿ ಒಂದೇ ಅಲ್ಲ. 1965ರಲ್ಲಿ ಹವಾಯಿ ದ್ವೀಪದ ಕಬ್ಬು ಬೆಳೆಗಾರರ ಪ್ರಯೋಗಾಲಯದಿಂದ ಕಾರ್ಟ್‌ಷಾಕ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ವಿಚಿತ್ರವಾದ ಫಲಿತಾಂಶವನ್ನು ಹಿಡಿದು, ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಸಕ್ಕರೆಯ ಕಂಪನಿಯೊಂದರ ಸಂಶೋಧನಾಲಯದಲ್ಲಿದ್ದ ಹ್ಯಾಚ್ ಮತ್ತು ಸ್ಲಾಕ್ ಎಂಬಿಬ್ಬರು 1966ರಲ್ಲಿ ಸಿದ್ಧಪಡಿಸಿ ತೋರಿಸಿದುದೇನೆಂದರೆ, ಅನ್ಯ ಗಿಡಗಳಲ್ಲಿ ಗಾಳಿಯ ಇಂಗಾಲವು ಮೊದಲು ಮೂರು ಇಂಗಾಲಗಳ ಆಮ್ಲವಾಗುವಲ್ಲಿ, ಕಬ್ಬಿನ ಎಲೆಯಲ್ಲಿ ಅದು ನಾಲ್ಕು ಇಂಗಾಲಗಳ ಆಮ್ಲವಾಗುತ್ತದೆ. ಉರಿಬಿಸಿಲು ಅಲ್ಪಜಲಗಳಿಗೆ ಹೊಂದಿಕೊಂಡ ಈ ಮಾರ್ಗವನ್ನು ಕಬ್ಬು, ಜೋಳ, ಗೋವಿನಜೋಳ, ಸಜ್ಜೆ ಹಾಗೂ ನಮ್ಮ ಮಡ್ಡಿಯ ಅನೇಕ ಹುಲ್ಲುಗಳು ಅನುಸರಿಸುತ್ತವೆ. ಬೇವು, ಜಾಲಿ, ಭತ್ತ, ಗೋಧಿ, ಕಡಲೆ, ಶೇಂಗಾ, ಸೋಯಾ, ನಿಪ್ಪಾಣಿಯ ತಂಬಾಕು, ಇವೆಲ್ಲ ಮೂರರ ಮಾರ್ಗದವು. ನಿಯತವಾದ ಒಂದು ಮಾನಕಕ್ಕೆ ಹೋಲಿಸಿ ಹದಿಮೂರನೆಯ ಇಂಗಾಲವು ಸಾವಿರಕ್ಕೆ ಎಷ್ಟು ಕಡಿಮೆಯಿದೆಯೆಂದು ಲೆಕ್ಕ ಹಾಕಿದರೆ ನಾಲ್ಕರ ಮಾರ್ಗದವುಗಳಲ್ಲಿ ಅದು ಸುಮಾರು 13, ಮೂರರ ಮಾರ್ಗದವುಗಳಲ್ಲಿ ಸುಮಾರು 27. ಸಮಶೀತೋಷ್ಣ ಸಮುದ್ರಗಳ ಪ್ಲವಕದಲ್ಲಿ ಸುಮಾರು 20.

ಧ್ರುವದ ಸುತ್ತಲಿನ ನೆಲದಲ್ಲಿ ನಾಲ್ಕರ ಮಾರ್ಗದ ಗಿಡಗಳಿಲ್ಲವೆಂದೇ ಹೇಳಬಹುದು. ಆದುದರಿಂದ ಅಲ್ಲಿಯ ಕೆಸರಿನಲ್ಲಿ ಈ ಸಂಖ್ಯೆ 27ರ ಸಮೀಪಕ್ಕೆ ಬಂದರೆ ನೆಲದ್ದು, 20ರ ಸಮೀಪಕ್ಕೆ ಬಂದರೆ ಕಡಲಿನದು ಎಂದು ಆರಂಭದ ದಿನಗಳಲ್ಲಿ ಸರಳವಾಗಿ ತೀರ್ಮಾನಿಸುತ್ತಿದ್ದರು. ಕೃಷ್ಣೆಯಂಥ ನದಿಗೆ ಈ ಸರಳತೆ ಮೊದಲಿನಿಂದಲೂ ಒದಗದು. ಹಾಲಿನ ಡೇರಿಯ ಕ್ಯಾನಿನಲ್ಲಿ ಆಕಳ ಹಾಲು, ಎಮ್ಮೆಯ ಹಾಲು ಎರಡೇ ಬೆರೆತಿದ್ದು, ಒಂದರ ಕೊಬ್ಬು ನಾಲ್ಕು, ಇನ್ನೊಂದರದು ಏಳು ಎಂದು ತಿಳಿದಿದ್ದರೆ, ಮಿಶ್ರಣದ ಕೊಬ್ಬು ಐದೂವರೆ ಬಂದಾಗ ಅರ್ಧರ್ಧ ಎಂದು ಹೇಳಲು ಯಾವ ತಡೆಯೂ ಇಲ್ಲ. ಆದರೆ ಐದೂವರೆಯ ಕೊಬ್ಬಿನ ಮೂರನೆಯದೊಂದು ಹಾಲು ಊರಿನಲ್ಲಿದೆಯೆಂದಾದರೆ, ಆ ಒಂದು ಅಂಕಿಯಿಂದ ಕ್ಯಾನಿನೊಳಗಣ ಪಾಲುಗಳನ್ನು ಯಾವ ಕಾರ್ಯದರ್ಶಿಯೂ ಹೇಳಲಾರನು. ರಾಯಬಾಗದ ಕಬ್ಬಿನದು 13, ಬದುವಿನ ಬೇವಿನದು 27. ಎರಡೂ ಸಮನಾಗಿ ಬೆರೆತ ಕೆಸರು ಬಂಗಾಳ ಕೊಲ್ಲಿಯನ್ನು ಸೇರಿದರೆ ಅದರ ಅಂಕಿ 20, ಎಂದರೆ ಅಪ್ಪಟ ಕಡಲ ಪ್ಲವಕದ ಅಂಕಿ. ನೆಲದ ಇಂಗಾಲವು ಸಮುದ್ರದ ವೇಷವನ್ನು ತೊಟ್ಟು ನಿಂತಿರುತ್ತದೆ.

ಎರಡನೆಯ ಉಪಾಯವು ಇಂಗಾಲಕ್ಕೂ ಸಾರಜನಕಕ್ಕೂ ಇರುವ ಅನುಪಾತ. ಪ್ಲವಕಗಳಲ್ಲಿ ನಾರಿಲ್ಲ, ಸಾರಜನಕಯುಕ್ತವಾದ ಪ್ರೋಟೀನು ವಿಪುಲ. ಅವುಗಳಲ್ಲಿ ಸಾರಜನಕದ ಒಂದು ಪರಮಾಣುವಿಗೆ ಇಂಗಾಲದ ಆರೇಳು. ನೆಲದ ಗಿಡಗಳು ನಾರುಮಯವಾದುದರಿಂದ ಅಲ್ಲಿ ಈ ಅನುಪಾತ ಇಪ್ಪತ್ತನ್ನೂ ಮೀರುವುದುಂಟು. ಈ ಉಪಾಯವೂ ನಿರ್ದುಷ್ಟವಲ್ಲವೆಂದು ತೋರಿಸಿಕೊಟ್ಟವರು ನಮ್ಮ ಗೋವೆಯ ಕೇಂದ್ರದ ಸಂಶೋಧಕರು. ಕಾಂಗ್ಸ್‌ಫಿಯೋರ್ಡಿನ ಕೆಸರನ್ನು ಪರೀಕ್ಷಿಸಿ 2016ರಲ್ಲಿ ಅವರು ಪ್ರಕಟಿಸಿದ ಲೇಖನವು, ಅದರ ಗಾತ್ರ ಚಿಕ್ಕದಾದರೂ, ಈ ವಿದ್ಯೆಯ ಹಾದಿಯಲ್ಲಿ ಎಚ್ಚರಿಕೆಯ ಕಲ್ಲಾಗಿ ನಿಂತಿದೆ. ಫಿಯೋರ್ಡಿನ ಒಳಭಾಗದ ಕೆಸರಿನಲ್ಲಿದ್ದ ಸಾರಜನಕದಲ್ಲಿ ಶೇಕಡಾ 77ರಷ್ಟು ಯಾವ ಜೀವಿಯದೂ ಅಲ್ಲದೆ, ಅಮೋನಿಯಂ ರೂಪದಲ್ಲಿ ಜೇಡಿಯ ಕಣಗಳಿಗೆ ಅಂಟಿಕೊಂಡಿದ್ದ ಖನಿಜದ್ದಾಗಿತ್ತು. ಹೊರಭಾಗಕ್ಕೆ ಹೋದಂತೆ ಅದು ಶೇಕಡಾ 24ಕ್ಕೆ ಇಳಿಯಿತು. ಜೇಡಿಯು ಅಮೋನಿಯಂ ಅನ್ನು ಬಿಗಿಹಿಡಿಯುವುದು ಎರಿಭೂಮಿಗೆ ಯೂರಿಯಾ ಹಾಕುವವರು ಬಲ್ಲ ಸಂಗತಿಯೇ. ಆ ಸಾರಜನಕವನ್ನು ಕಳೆಯದೆ ಅನುಪಾತವನ್ನು ತೆಗೆದರೆ ನೆಲದ ಇಂಗಾಲವೂ ಕಡಲಿನದೆಂದು ತೋರಿಬಿಡುತ್ತದೆ; ಕಳೆದು ನೋಡಿದಾಗ ಒಳಫಿಯೋರ್ಡಿನದು ನೆಲದ್ದೆಂದೂ ಹೊರಫಿಯೋರ್ಡಿನದು ಎರಡರ ಮಿಶ್ರಣವೆಂದೂ ಸ್ಪಷ್ಟವಾಯಿತು. ಇದಕ್ಕಿಂತ ಆಶ್ಚರ್ಯದ ಮಾತು ಇನ್ನೊಂದು: ಹದಿಮೂರನೆಯ ಇಂಗಾಲದ ವಿಷಯದಲ್ಲಿ ಅಲ್ಲಿಯ ಕಡಲಿನ ಸಾವಯವವು ನೆಲದ ಸಾವಯವಕ್ಕಿಂತಲೂ ಕೆಳಗಿಳಿದಿತ್ತು. ಪಾಠದಲ್ಲಿ ಬರೆದುದಕ್ಕೆ ಇದು ತೀರ ವಿಪರೀತ. ತಣ್ಣೀರಿನಲ್ಲಿ ಇಂಗಾಲಾಮ್ಲವು ಹೆಚ್ಚಾಗಿ ಕರಗಿರುವುದರಿಂದ ಧ್ರುವಜಲದ ಪಾಚಿಗಳಿಗೆ ಹಗುರ ಪರಮಾಣುಗಳನ್ನೇ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಹೆಚ್ಚು. ಬೆಚ್ಚಗಿನ ಕಡಲಿನಲ್ಲಿ ಸಿದ್ಧವಾದ ಸೂತ್ರವನ್ನು ಅಲ್ಲಿಗೆ ಒಯ್ದು ಹಚ್ಚಿದರೆ ಫಲಿತಾಂಶ ತಲೆಕೆಳಗಾಗುವುದು ಅನಿವಾರ್ಯ. ಸ್ಥಳವನ್ನು ನೋಡದೆ ಸೂತ್ರವನ್ನು ನಂಬಿದ ವಿದ್ವತ್ತು ಎಲ್ಲಿಯೂ ಬಾಳಲಾರದು.

ನೀ-ಓಲೆಸುಂಡ್ ಹುಟ್ಟಿದ್ದು ಸಂಶೋಧನೆಗಾಗಿ ಅಲ್ಲ, ಕಲ್ಲಿದ್ದಲಿನ ಗಣಿಗಾಗಿ. 1962ರ ನವೆಂಬರದಲ್ಲಿ ಆ ಗಣಿಯಲ್ಲಿ ಸ್ಫೋಟವಾಗಿ 21 ಜನ ಕಾರ್ಮಿಕರು ಅಸುನೀಗಿದರು. ಆ ಶೋಕದ ಬೆನ್ನಲ್ಲಿಯೇ ಗಣಿ ಶಾಶ್ವತವಾಗಿ ಮುಚ್ಚಿತು, ತರುವಾಯ ಊರು ವಿಜ್ಞಾನಿಗಳದಾಯಿತು. ಆ ಕಲ್ಲಿದ್ದಲಾದ ಕಾಡುಗಳು ಬೆಳೆದದ್ದು ಚಿಕ್ಕೋಡಿಯ ಕೆಳಗಿರುವ ನಮ್ಮ ಕರಿಕಲ್ಲು ಲಾವಾರಸವಾಗಿ ಉಕ್ಕಿ ಹರಿದ ಕೆಲವು ದಶಲಕ್ಷ ವರ್ಷಗಳ ಮೇಲೆ. ದಖನಿನ ಲಾವಾ ಹರಿದದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಹೆಚ್ಚುಕಡಿಮೆ ಒಂದೇ ಕಾಲದ ಎರಡು ಶಿಲೆಗಳಾದರೂ ಅವುಗಳ ಇಂಗಾಲದ ಗುಣ ಭಿನ್ನ. ಸ್ವಾಲ್ಬಾರ್ಡಿನ ಬಂಡೆಯಲ್ಲಿ ಕಲ್ಲಿದ್ದಲಿದ್ದು, ಅದರ ಪುಡಿ ಕೆಸರಿನೊಳಗೆ ಬಂದು ಲೆಕ್ಕವನ್ನು ಕೆಡಿಸುತ್ತದೆ. ಬೆಂಕಿಯಿಂದ ಹುಟ್ಟಿದ ನಮ್ಮ ಕರಿಕಲ್ಲಿನಲ್ಲಿ ಸಾವಯವ ಇಂಗಾಲವಿಲ್ಲವಾದುದರಿಂದ, ಕುಡಚಿಯ ಕೆಳಗೆ ಹರಿಯುವ ಕೃಷ್ಣೆಯ ಕೆಸರಿನಲ್ಲಿರುವುದು ಬಂಡೆಯ ಇಂಗಾಲವಲ್ಲ, ಮಣ್ಣಿನದು, ಗಿಡದ್ದು, ದನಕರುಗಳ ಗೊಬ್ಬರದ್ದು, ಊರುಗಳ ಗಟಾರದ್ದು. ಮೂಲಶೋಧಕರಿಗೆ ಇದು ದೊಡ್ಡ ಅನುಕೂಲ.

ಹಳೆಯದನ್ನು ಹೊಸದರಿಂದ ಬೇರ್ಪಡಿಸುವುದಕ್ಕೆ ಹದಿನಾಲ್ಕನೆಯ ಇಂಗಾಲ ನೆರವಾಗುತ್ತದೆ. ಅಮೆರಿಕದ ವಿಲ್ಲರ್ಡ್ ಲಿಬ್ಬಿಯವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕವನ್ನು ತಂದ ವಿಧಾನವಿದು. ವಾಯುಮಂಡಲದಲ್ಲಿ ನಿರಂತರವಾಗಿ ಹುಟ್ಟುವ ಈ ವಿಕಿರಣಶೀಲ ಪರಮಾಣು 5,730 ವರ್ಷಗಳಿಗೆ ಅರ್ಧ ಸವೆಯುತ್ತದೆ. ಐವತ್ತು ಸಾವಿರ ವರ್ಷ ಕಳೆದರೆ ಅಳತೆಗೆ ಸಿಗದಷ್ಟು ಕ್ಷೀಣಿಸುತ್ತದೆ. ಕಲ್ಲಿದ್ದಲಿನಲ್ಲಿ ಅದು ಶೂನ್ಯ, ಈ ಬೇಸಿಗೆಯ ಪಾಚಿಯಲ್ಲಿ ಪೂರ್ಣ, ಹೆಪ್ಪುಗಟ್ಟಿದ ಸೈಬೀರಿಯದ ಮಣ್ಣಿನಲ್ಲಿ ನಡುವಣದು. ಈ ಅಳತೆಯನ್ನು ಹದಿಮೂರನೆಯ ಇಂಗಾಲದ ಅಳತೆಯೊಡನೆ ಜೋಡಿಸಿ ಪೂರ್ವ ಸೈಬೀರಿಯದ ಖಂಡಾವರಣದ ಕೆಸರನ್ನು ಶೋಧಿಸಿದ ಪಂಡಿತರು 2012ರಲ್ಲಿ ಪ್ರಕಟಿಸಿದ ನಿರ್ಣಯ ಗಂಭೀರವಾದದ್ದು: ಅಲ್ಲಿ ಹೂತುಹೋಗುತ್ತಿರುವ ಇಂಗಾಲದಲ್ಲಿ ಅರ್ಧಕ್ಕೂ ಹೆಚ್ಚಿನದು, ಶೇಕಡಾ 57ರಷ್ಟು, ಕರಾವಳಿಯ ಪ್ರಾಚೀನ ಹೆಪ್ಪುನೆಲವು ಅಲೆಗಳ ಹೊಡೆತಕ್ಕೂ ಶಾಖಕ್ಕೂ ಕುಸಿದು ಬಂದದ್ದು. ವರ್ಷಕ್ಕೆ ಸುಮಾರು 4 ಕೋಟಿ 40 ಲಕ್ಷ ಟನ್ ಹಳೆಯ ಇಂಗಾಲವು ಹೀಗೆ ಎಚ್ಚೆತ್ತು ಹೊರಡುವುದೆಂದೂ, ಅದರಲ್ಲಿ ಮೂರರಲ್ಲಿ ಎರಡು ಪಾಲು ಗಾಳಿಯನ್ನು ಸೇರಿ ಒಂದು ಪಾಲು ಮಾತ್ರ ಕೆಸರಿನಲ್ಲಿ ಉಳಿಯುವುದೆಂದೂ ಅವರ ಗಣನೆ. ಮನುಷ್ಯಸಂಚಾರವೇ ಅಪೂರ್ವವಾದ ತೀರವೊಂದರಲ್ಲಿ ನಡೆಯುವ ಈ ಕುಸಿತದ ಲೆಕ್ಕವು, ಎಲ್ಲರಿಗೂ ಒಂದೇ ಆದ ವಾಯುಮಂಡಲದ ಮೂಲಕ ಅಥಣಿಯ ಮುಂಗಾರಿನ ಲೆಕ್ಕಕ್ಕೂ ಸೇರುತ್ತದೆಯಾದ್ದರಿಂದ, ಅದು ದೂರದವರ ಚಿಂತೆಯೆಂದು ನಾವು ಸುಮ್ಮನಿರುವಂತಿಲ್ಲ.

ಇವಲ್ಲದೆ ಕೆಲವು ವಿಶಿಷ್ಟ ಅಣುಗಳುಂಟು. ಮರವನ್ನೂ ದಂಟನ್ನೂ ನೆಟ್ಟಗೆ ನಿಲ್ಲಿಸುವ ಲಿಗ್ನಿನ್ ಎಂಬ ವಸ್ತುವನ್ನು ಪ್ಲವಕಗಳು ರಚಿಸಲಾರವು. ಕೆಸರಿನಲ್ಲಿ ಅದು ಸಿಕ್ಕರೆ ನೆಲದ ಪಾಲು ನಿಶ್ಚಿತ, ಮಾತ್ರವಲ್ಲ, ಅದರ ತುಣುಕುಗಳ ಅನುಪಾತದಿಂದ ಸೂಚಿಪರ್ಣದ ಮರವೋ ಅಗಲೆಲೆಯದೋ, ಕಟ್ಟಿಗೆಯೋ ಹುಲ್ಲೋ ಎಂಬುದನ್ನೂ ಊಹಿಸಬಹುದು. ಎಲೆಗಳ ಮೇಲಿನ ಮೇಣ ಇನ್ನೊಂದು. ಕಬ್ಬಿನ ಗಣಿಕೆಯ ಮೇಲೆ ಕೈಯಾಡಿಸಿದರೆ ಬೆರಳಿಗೆ ಹತ್ತುವ ಬಿಳಿಯ ಪುಡಿಯನ್ನು ನೀವೆಲ್ಲ ಬಲ್ಲಿರಿ; ಅಂಥ ಮೇಣದಲ್ಲಿ ಇಪ್ಪತ್ತೇಳು, ಇಪ್ಪತ್ತೊಂಬತ್ತು, ಮೂವತ್ತೊಂದು ಇಂಗಾಲಗಳ ನೀಳ ಸರಪಳಿಗಳಿದ್ದು, ಅವು ಎಲೆಯೊಡನೆ ಕೊಳೆಯದೆ ಸಾವಿರಾರು ವರ್ಷ ಕೆಸರಿನಲ್ಲಿ ಉಳಿಯುತ್ತವೆ. ಪಾಚಿಗಳ ಸರಪಳಿಗಳು ಇವುಗಳಿಗಿಂತ ಗಿಡ್ಡ. ಆರ್ಕ್ಟಿಕ್ಕಿನಲ್ಲಿ ಸಮುದ್ರದ ಮಂಜುಗಡ್ಡೆಯ ಒಡಲಿನಲ್ಲಿಯೇ ವಾಸಿಸುವ ಕೆಲವು ಡಯಾಟಮ್‌ಗಳು ರಚಿಸುವ ಇಪ್ಪತ್ತೈದು ಇಂಗಾಲಗಳ ಒಂದು ಅಣುವನ್ನು 2007ರಲ್ಲಿ ಗುರುತಿಸಲಾಗಿದ್ದು, ಅದು ಸಿಕ್ಕ ಪದರದ ಕಾಲದಲ್ಲಿ ಅಲ್ಲಿ ವಸಂತಕಾಲದ ಮಂಜುಗಡ್ಡೆ ಇತ್ತೆಂದು ಹೇಳಬಹುದಾಗಿದೆ.

ನೀಳ ಮೇಣದ ಈ ಅಣುಗಳನ್ನು ಒಂದೊಂದಾಗಿ ಹೆಕ್ಕಿ, ಅವುಗಳ ಹದಿಮೂರನೆಯ ಇಂಗಾಲವನ್ನು ಅಳೆದರೆ ನಾನು ಮೊದಲು ಹೇಳಿದ ವೇಷದ ತೊಡಕು ಬಿಡಿಸಿಕೊಳ್ಳುತ್ತದೆ. ಕಡಲಿನ ಪಾಲು ಮೊದಲೇ ಹೊರಗುಳಿಯುವುದರಿಂದ, ಉಳಿದ ಅಂಕಿಯು ಕಬ್ಬು-ಜೋಳ-ಹುಲ್ಲುಗಳಿಗೂ ಬೇವು-ಜಾಲಿಗಳಿಗೂ ನಡುವಣ ಹಂಚಿಕೆಯನ್ನು ನೇರವಾಗಿ ಹೇಳುತ್ತದೆ. ಹೀಗೆ ಮಾಡಿದ ಒಂದು ಮಹತ್ತರ ಕೆಲಸ ಧ್ರುವದಲ್ಲಲ್ಲ, ನಮ್ಮ ದಖನಿನ ಬಾಗಿಲಿನಲ್ಲಿಯೇ ನಡೆದಿದೆ. 2006ರಲ್ಲಿ ಭಾರತದ ಅನಿಲ ಹೈಡ್ರೇಟ್ ಶೋಧನೆಗಾಗಿ ಬಂದ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು ಗೋದಾವರಿಯ ಮುಖದ ಹೊರಗೆ ಬಂಗಾಳ ಕೊಲ್ಲಿಯ ತಳದಿಂದ ಕೆಸರಿನ ಕಂಬವೊಂದನ್ನು ಎತ್ತಿತು. ಅದರಲ್ಲಿದ್ದ ಎಲೆಮೇಣವನ್ನು ಶೋಧಿಸಿ 2012ರಲ್ಲಿ ವಿದ್ವಾಂಸರು ತೋರಿಸಿದ ಪ್ರಕಾರ, ಸುಮಾರು 4,000 ವರ್ಷಗಳ ಹಿಂದಿನಿಂದ 1,700 ವರ್ಷಗಳ ಹಿಂದಿನವರೆಗೆ ಮಧ್ಯಭಾರತದಲ್ಲಿ ಬರವನ್ನು ತಾಳುವ ಸಸ್ಯಗಳು ಕ್ರಮವಾಗಿ ಹೆಚ್ಚುತ್ತ ಬಂದವು. ಆ ಬಳಿಕ ಅವೇ ನೆಲೆನಿಂತವು. ಅದೇ ಕಂಬವನ್ನು ಮತ್ತೊಂದು ದೃಷ್ಟಿಯಿಂದ ನೋಡಿ 2017ರಲ್ಲಿ ಹೇಳಿದ್ದೇನೆಂದರೆ, ನೆಲದ ಹೊದಿಕೆ ತೆಳುವಾದಂತೆಲ್ಲ ದಖನಿನ ಮಣ್ಣು ಕೊಚ್ಚಿಹೋಗುವುದೂ ಬಲವಾಗಿ ಏರಿತು. ಕೃಷ್ಣೆಯೂ ಗೋದಾವರಿಯೂ ಒಂದೇ ಪರ್ವತದ ಬೆನ್ನಿನಲ್ಲಿ ಹುಟ್ಟಿ, ಒಂದೇ ಕರಿಕಲ್ಲನ್ನು ತೊಳೆದು, ಒಂದೇ ಕೊಲ್ಲಿಯನ್ನು ಸೇರುವ ನದಿಗಳು. ನಮ್ಮ ಪೂರ್ವಜರು ಕಾಡನ್ನು ಕಡಿದು ಹೊಲ ಮಾಡಿದ ಚರಿತ್ರೆಗೆ ಶಾಸನಗಳಿಗಿಂತ ಹಳೆಯದಾದ ಆಧಾರವೊಂದು ಆ ಕೆಸರಿನಲ್ಲಿದೆಯೆಂದು ತಿಳಿದಾಗ, ನನ್ನಂಥವನಿಗೆ ರೋಮಾಂಚನವಾದದ್ದು ಸಹಜವಲ್ಲವೆ?

ಇಂದು ಕೃಷ್ಣೆಯ ಕೆಸರು ಕೊಲ್ಲಿಯನ್ನು ಮೊದಲಿನಂತೆ ತಲುಪುವುದಿಲ್ಲ. ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ಹೀಗೆ ಒಂದರ ಕೆಳಗೊಂದು ಕಟ್ಟಿದ ಅಣೆಕಟ್ಟುಗಳ ಹಿಂದೆ ಅದರ ಬಹುಪಾಲು ತಂಗಿಬಿಡುತ್ತದೆ. ಅಂದ ಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ನಮ್ಮ ಐದು ತಾಲೂಕುಗಳ ಮಣ್ಣಿನ ಈಚಿನ ಚರಿತ್ರೆಯನ್ನು ಓದಲು ಸಮುದ್ರಕ್ಕೆ ಹೋಗಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನ ಹೂಳೇ ಸಾಕು. ಆದರೆ ಅಲ್ಲಿ ಯಾವ ಸಾಕ್ಷಿಯನ್ನು ಕರೆಯಬೇಕೆಂಬುದನ್ನು ಮುಂಚಿತವಾಗಿ ಯೋಚಿಸಬೇಕು. 1939ರಲ್ಲಿ ಉಗಾರದಲ್ಲಿ ಸಕ್ಕರೆಯ ಕಾರ್ಖಾನೆ ಸ್ಥಾಪಿತವಾದಂದಿನಿಂದ ಈ ಸೀಮೆಯ ಹೊಲಗಳಲ್ಲಿ ಆದ ಅತಿ ದೊಡ್ಡ ಪರಿವರ್ತನೆಯೆಂದರೆ ಬಿಳಿಜೋಳ, ಕಡಲೆ, ತಂಬಾಕು, ಶೇಂಗಾಗಳ ಜಾಗಕ್ಕೆ ಕಬ್ಬು ಬಂದದ್ದು. ತಂಬಾಕಿನ ಅಥವಾ ಕಡಲೆಯ ಹೊಲ ಕಬ್ಬಿನ ಹೊಲವಾದರೆ ಹದಿಮೂರನೆಯ ಇಂಗಾಲವು ಅದನ್ನು ಕೂಗಿ ಹೇಳುತ್ತದೆ. ಜೋಳದ ಹೊಲ ಕಬ್ಬಿನ ಹೊಲವಾದರೆ, ಎರಡೂ ನಾಲ್ಕರ ಮಾರ್ಗದವಾದುದರಿಂದ, ಅದು ಮೌನ ತಾಳುತ್ತದೆ. ಅಲ್ಲಿ ಹದಿನಾಲ್ಕನೆಯದನ್ನು ಕೇಳಬೇಕು. ಅಣುಬಾಂಬುಗಳ ಪರೀಕ್ಷೆಯಿಂದ 1963ರ ಸುಮಾರಿಗೆ ಉತ್ತರಗೋಲದ ಗಾಳಿಯಲ್ಲಿ ಹದಿನಾಲ್ಕನೆಯ ಇಂಗಾಲವು ಬಹುತೇಕ ಇಮ್ಮಡಿಯಾಗಿ, ಆಮೇಲೆ ಮೆಲ್ಲನೆ ಇಳಿಯುತ್ತ ಬಂದಿದೆ. ಆ ಕಾಲದ ಈಚೆಗೆ ಬೆಳೆದ ಗಿಡಗಳ ಇಂಗಾಲಕ್ಕೆ ಆ ಗುರುತು ಹತ್ತಿದೆ, ಅದಕ್ಕೂ ಹಿಂದಿನ ಜೋಳದ ಬೇರುಗಳಿಂದ ಮಣ್ಣಿನಲ್ಲಿ ನೆಲೆಗೊಂಡದ್ದಕ್ಕೆ ಹತ್ತಿಲ್ಲ. ಹೂಳಿನಲ್ಲಿ ಈ ಎರಡರ ಪಾಲನ್ನು ಬೇರ್ಪಡಿಸಿದರೆ, ನಮ್ಮ ಹೊಲಗಳು ಕಳೆದುಕೊಳ್ಳುತ್ತಿರುವುದು ಈ ವರ್ಷದ ರವದಿಯನ್ನೋ, ಅಜ್ಜ ಮುತ್ತಜ್ಜಂದಿರ ಕಾಲದಿಂದ ಕೂಡಿಟ್ಟ ಮಣ್ಣಿನ ಸತ್ವವನ್ನೋ ಎಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ರವದಿ ಹೋದರೆ ಬರುವ ವರ್ಷ ಮತ್ತೆ ಬಂದೀತು. ಎರಡನೆಯದು ಹೋದರೆ ಮರಳಿ ಕೂಡಿಸಲು ತಲೆಮಾರುಗಳೇ ಬೇಕು.

ಧಾರವಾಡದ ವಿಶ್ವವಿದ್ಯಾಲಯಗಳ ಭೂವಿಜ್ಞಾನ, ಕೃಷಿವಿಜ್ಞಾನಗಳ ತರುಣರು ಗೋವೆಯ ಸಂಸ್ಥೆಗಳ ಸಹಾಯದಿಂದ ಈ ಕೆಲಸವನ್ನು ಕೈಗೊಳ್ಳಬೇಕೆಂದು ನನ್ನ ಹೃತ್ಪೂರ್ವಕವಾದ ಅಪೇಕ್ಷೆ. ಹೂಳಿನ ಕಂಬವೊಂದೇ ಸಾಲದು. ಹೋಲಿಸುವುದಕ್ಕೆ ಮೂಲಗಳ ಮಾದರಿಗಳೂ ಬೇಕು. ನಿಪ್ಪಾಣಿಯ ತಂಬಾಕಿನ ಹೊಲ, ಕಾಗವಾಡದ ಕಬ್ಬಿನ ಹೊಲ, ಅಥಣಿಯ ಪೂರ್ವಭಾಗದ ಒಣಬೇಸಾಯದ ಎರಿ, ನೀರು ನಿಂತು ಸವಳಾದ ಕೃಷ್ಣಾತೀರದ ಜಮೀನು, ಇವುಗಳ ಮಣ್ಣನ್ನು ಪ್ರತ್ಯೇಕವಾಗಿ ತೆಗೆದಿಡಬೇಕು. ಹೊಳೆಯ ಕೆಸರನ್ನು ಕುಡಚಿಯ ಸೇತುವೆಯಿಂದ ಎರಡು ಸಲವಾದರೂ ತುಂಬಿಕೊಳ್ಳಬೇಕು: ಮೊದಲ ಸಲ, ಮಿರಗದ ಮಳೆಗೆ ಹೊಲದ ಮೇಲ್ಮಣ್ಣು ತೊಳೆದು ಬರುವ ಹೊಸನೀರಿನಲ್ಲಿ, ಎರಡನೆಯ ಸಲ, ಬೆಳೆ ಎತ್ತರವಾಗಿ ನೆಲ ಮುಚ್ಚಿದ ಮೇಲೆ ಘಟ್ಟದ ಕಡೆಯಿಂದ ಇಳಿಯುವ ಭಾದ್ರಪದದ ನೀರಿನಲ್ಲಿ.